ಇನ್ನೊಂದೇ ಒಂದು ಕಲ್ಲು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ತಾನು ಯಾವ ಕಡೆ ಹರಿಯಬೇಕು ಅನ್ನೋದೇ ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಒಂದು ಕಡೆ ಹೋಗಿ ನೋಡೋದು, ಮಧ್ಯಾಹ್ನ ವಾಪಸ್ ಬರೋದು. ಗಾಳಿಯೂ ಹಾಗೇ, ಅದಕ್ಕೆ ಮನೆ ಇಲ್ಲ ಮಠ ಇಲ್ಲ.

ಆಗ ಇದ್ದ ಮನುಷ್ಯರು ಯಾರ ಹೊಟ್ಟೆಯಿಂದಲೂ ಹುಟ್ಟಿದವರಲ್ಲ. ಮಣ್ಣಿನಿಂದ ಎದ್ದು, ಮೈ ಕೊಡವಿಕೊಂಡು ನಡೆದು ಬಂದವರು. ಅವರಲ್ಲಿ ಈರಿ ಅನ್ನೋಳು ಮೊಟ್ಟಮೊದಲ ಬಸುರಿ. ಅವಳ ಹೊಟ್ಟೆ ನೋಡೋಕೆ ಜನ ಸಾಲುಗಟ್ಟಿ ಬರೋರು. ನಾಚಿಕೆ ಇಲ್ಲದ ಜನ!

ಚೌಡವ್ವ ಅಂತ ಒಬ್ಬಳು ಹಿರಿಯ ಹೆಂಗಸು ಇದ್ದಳು. ಆಡು ಮರಿ ಹಾಕೋದನ್ನ ಅವಳು ಕೂತು ನೋಡಿದ್ದಳು. ಅದಕ್ಕೇ ಹೆರಿಗೆ ಮಾಡಿಸೋ ಕೆಲಸ ಅವಳ ತಲೆಗೇ ಬಂತು.

"ತಾಯಿಗೂ ಮರಿಗೂ ನಡುವೆ ಒಂದು ಕರುಳಬಳ್ಳಿ ಇರುತ್ತೆ," ಅಂದಳು ಚೌಡವ್ವ. "ಆಡು ಅದನ್ನ ಹಲ್ಲಲ್ಲೇ ಕಡೀತು. ನಮ್ಮ ಹಲ್ಲು ಮೊಂಡು. ಚಾಕು ತಗೊಂಡು, ನೋವಾಗದ ಹಾಗೆ ಕೊಯ್ಯಬೇಕು."

ಊರಿಗೆಲ್ಲ ಇದ್ದದ್ದು ಒಂದೇ ಚಾಕು. ಚೌಡವ್ವ ಅದನ್ನ ಬಾಗಿಲ ಮುಂದಿನ ಒರಟು ಕಲ್ಲಿಗೆ ಉಜ್ಜಿದಳು. ಕರಕರ, ಕರಕರ. ಅಲಗು ಹೊಳೆಯಿತು. ಒಂದು ಬಾಳೆ ಎಲೆಯ ಮೇಲೆ ಎಳೆದು ನೋಡಿದಳು. ಎಲೆ ಕೊಯ್ದುಕೊಳ್ಳಲಿಲ್ಲ, ಹರಿಯಿತು. ಅಲಗಿನ ಅಂಚಿಗೆ ಬೆರಳು ಸವರಿದರೆ ಬರೀ ಸಿಬಿರು.

"ಅಯ್ಯೋ, ಇದರಲ್ಲಿ ಕೊಯ್ದರೆ ಎಳೇ ಕೂಸು ಚಿಟ್ಟನೆ ಚೀರುತ್ತೆ! ಒರಟು ಕಲ್ಲಿಂದ ಹರಿತ ಬರುತ್ತೆ, ನಯ ಬರಲ್ಲ. ಕಡೆಯ ಸಾಣೆಗೆ ಬೇರೆ ಕಲ್ಲೇ ಬೇಕು."

ಅಂಗಳದಲ್ಲಿ ಒಂದು ಪುಟ್ಟ ಹಕ್ಕಿ ಕೂತು ಇದನ್ನೆಲ್ಲ ಕೇಳಿಸಿಕೊಳ್ತಾ ಇತ್ತು. ಕಪ್ಪು ಬಿಳಿ ಮೈ, ಕಣ್ಣಿನ ಮೇಲೆ ಬಿಳಿ ಹುಬ್ಬು, ಉದ್ದನೆಯ ಬಾಲ. ಈಗ ನಾವು ಅದನ್ನ ಕುಂಡೆಕುಸ್ಕ ಅಂತೀವಿ. ನಗಬೇಡಿ, ಕುಂಡೆ ಕುಣಿಸುತ್ತೆ ಅಂತ ಆ ಹೆಸರು ಆಮೇಲೆ ಬಂದದ್ದು. ಆಗ ಅದರ ಬಾಲ ಕದಲುತ್ತಲೇ ಇರಲಿಲ್ಲ. ಅಷ್ಟು ಗಂಭೀರವಾದ ಹಕ್ಕಿ ಇಡೀ ಲೋಕದಲ್ಲೇ ಇರಲಿಲ್ಲ.

"ನಾನು ಹೋಗ್ತೀನಿ ಚೌಡವ್ವ," ಅಂತು ಹಕ್ಕಿ. "ಹೊಳೆದಂಡೆ ಕಲ್ಲೆಲ್ಲ ನನ್ನ ಕಾಲಿಗೆ ಗೊತ್ತು. ನನ್ನ ಗೂಡಿಗೆ ಮೆತ್ತೆ ಮಾಡೋಕೆ ಈರಿ ತನ್ನ ತಲೆಗೂದಲು ಕೊಟ್ಟಿದ್ದಾಳೆ. ಅವಳ ಕೂಸಿಗೆ ನೋವಾಗೋಕೆ ನಾನು ಬಿಡಲ್ಲ."

"ಹಾಗಾದ್ರೆ ಸರಿಯಾಗಿ ಕೇಳಿಸ್ಕೋ. ಒಣ ಕಲ್ಲು ಸುಳ್ಳು ಹೇಳುತ್ತೆ, ಒಣಗಿದಾಗ ಎಲ್ಲ ಒಂದೇ ಥರ. ಮೊದಲು ನೀರು ಹಾಕು, ಆಮೇಲೆ ಕೊಕ್ಕು ಎಳೆ. ಕರ್ ಅಂದ್ರೆ ಬಿಡು. ಜಾರಿ ಹೋದ್ರೂ ಬಿಡು. ಸ್ಸ್ ಅಂತ ಮೆಲ್ಲಗೆ ಹಿಡೀತು ಅಂದ್ರೆ ಅದೇ ಕಲ್ಲು. ಅಲ್ಲೇ ನಿಂತು ಕೂಗು, ನಾನು ಓಡಿ ಬರ್ತೀನಿ. ಬೇಗ ಮರೀ, ಕೂಸು ಯಾರ ದಾರಿಯನ್ನೂ ಕಾಯಲ್ಲ."

ಹಕ್ಕಿ ಹೊಳೆದಂಡೆಗೆ ಹಾರಿತು. ಬಾಲ ನೀರಲ್ಲಿ ಅದ್ದಿತು, ಕಲ್ಲಿನ ಮೇಲೆ ಟಪ್ ಅಂತ ಬಡಿಯಿತು, ಕೊಕ್ಕು ಎಳೆಯಿತು.

"ನನ್ನನ್ನೇ ತಗೋ! ಕಬ್ಬಿಣಾನೇ ತಿಂದು ಬಿಸಾಕ್ತೀನಿ," ಅಂತು ಕೆಂಪು ಕಲ್ಲು. ಕರ್!

"ಕೂಸಿಗೆ ಕಣಪ್ಪಾ, ಕಬ್ಬಿಣ ತಿನ್ನೋರು ಬೇಡ," ಅಂತ ಹಕ್ಕಿ ಮುಂದೆ ಓಡಿತು. ಬಾಲ ಅದ್ದಿತು, ಬಡಿಯಿತು, ಎಳೆಯಿತು.

"ನನ್ನ ಮೈ ನೋಡು, ಬೆಣ್ಣೆ ಬೆಣ್ಣೆ!" ಅಂತು ಬಿಳಿ ಕಲ್ಲು. ಕೊಕ್ಕು ಸುರ್ರನೆ ಜಾರಿ ಹಕ್ಕಿ ಮುಗ್ಗರಿಸಿ ನೀರಿಗೆ ಬಿತ್ತು. ಬಣ್ಣ ನೋಡಿ ಮರುಳಾದರೆ ಹೀಗೇ ಆಗೋದು.

ಹತ್ತು ಕಲ್ಲು ಆಯಿತು. ನೂರು ಕಲ್ಲು ಆಯಿತು. ನೀರಿನಂಚಲ್ಲಿ ಒಂದು ಬೂದು ಕಲ್ಲು ಮಾತಿಲ್ಲದೆ ಕೂತಿತ್ತು. ಹಕ್ಕಿ ಬಾಲ ಅದ್ದಿ ಬಡಿಯಿತು. ಒದ್ದೆಯಾದದ್ದೇ ತಡ, ಬೂದು ಬಣ್ಣದ ಒಳಗಿಂದ ಹಸಿರು ಇಣುಕಿತು. ಕೊಕ್ಕು ಎಳೆದರೆ, ಸ್ಸ್. ಆ ಕೊಕ್ಕನ್ನ ಹುಲ್ಲಿನ ಎಳೆಗೆ ತಾಗಿಸಿದ್ದಷ್ಟೇ, ಹುಲ್ಲು ಎರಡಾಗಿ ಬಿತ್ತು. ತಾನು ಎರಡಾದದ್ದು ಆ ಹುಲ್ಲಿಗೇ ಗೊತ್ತಾಗಲಿಲ್ಲ.

"ನಾನು ಸಾಕು," ಅಂತು ಬೂದು ಕಲ್ಲು. "ಕೂಗು."

ಹಕ್ಕಿ ಕೂಗೋಕೆ ಬಾಯಿ ತೆರೆಯಿತು. ಅಷ್ಟರಲ್ಲಿ ಅದಕ್ಕೊಂದು ಯೋಚನೆ ಬಂತು. ಲೋಕದ ಮೊದಲ ಕೂಸು. ಮೊದಲ ಕೂಸಿಗೆ ಇಷ್ಟೇ ಸಾಕಾ? ಆ ತಿರುವಿನಾಚೆ ಇದಕ್ಕಿಂತ ನಯದ್ದು ಇದ್ದುಬಿಟ್ಟರೆ?

"ಇಲ್ಲೇ ಇರು," ಅಂತು ಹಕ್ಕಿ.

"ನಾನೆಲ್ಲಿ ಹೋಗಲಿ ತಾಯೀ, ನಾನು ಕಲ್ಲು," ಅಂತು ಕಲ್ಲು.

ಹಕ್ಕಿ ತಿರುವಿನಾಚೆ ಓಡಿತು. ಬಾಲ ಅದ್ದಿತು, ಬಡಿಯಿತು, ಎಳೆಯಿತು. ಇದು ಅದಕ್ಕಿಂತ ಒರಟು. ಇದು ಅದಕ್ಕಿಂತ ಜಾರು. ಮುಂದಿನದು?

ಹೊಳೆ ಏದುಸಿರು ಬಿಡ್ತಾ ಬಂತು. "ಲೇ, ಈರಿಗೆ ನೋವು ಶುರುವಾಯ್ತು!"

"ಬಂದೆ, ಬಂದೆ! ಇನ್ನೊಂದೇ ಒಂದು ನೋಡಿ ಬಂದೆ!"

ಗಾಳಿ ಬಂತು. "ಲೇ, ಚೌಡವ್ವ ಬಾಗಿಲಿಗೂ ಒಳಗೂ ಓಡಾಡ್ತಾ ಇದ್ದಾಳೆ, ನಿನ್ನ ದಾರಿ ನೋಡಿ ನೋಡಿ ಅವಳ ಕಣ್ಣು ಸೋತಿದೆ!"

"ಬಂದೆ, ಬಂದೆ! ಇನ್ನೊಂದೇ ಒಂದು ನೋಡಿ ಬಂದೆ!"

ನನಗೆ ಈ ಕಥೆ ಹೇಳುವಾಗೆಲ್ಲ ಇಲ್ಲೇ ಸಿಟ್ಟು ಬರೋದು. ಕೂಗಬಾರದಿತ್ತಾ ಅದು? ಅಲ್ಲೇ ನಿಂತು ಒಂದು ಸಲ ಕೂಗಿದ್ದರೆ ಏನು ಗಂಟು ಹೋಗ್ತಿತ್ತು? ಆದರೆ ಪ್ರೀತಿ ಹೆಚ್ಚಾದರೂ ಬುದ್ಧಿ ಹೀಗೇ ಕೆಡುತ್ತೆ.

ಕಡೆಗೆ ಹಕ್ಕಿಗೇ ಸುಸ್ತಾಯಿತು. "ಹೋಗಲಿ, ಆ ಬೂದು ಕಲ್ಲೇ ಚೆನ್ನ," ಅಂತ ವಾಪಸ್ ಓಡಿ ಬಂತು. ಬಂದು ನೋಡಿದರೆ ಆ ಕಲ್ಲು ಯಾವುದು ಅಂತಲೇ ಗೊತ್ತಾಗಲಿಲ್ಲ.

ಅಷ್ಟೊತ್ತಿಗೆ ಸೂರ್ಯ ನೆತ್ತಿಗೆ ಏರಿದ್ದ. ನೀರು ಹಿಂದಕ್ಕೆ ಸರಿದಿತ್ತು. ದಂಡೆಯ ಕಲ್ಲೆಲ್ಲ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಇದೂ ಬೂದು, ಅದೂ ಬೂದು, ಕಣ್ಣು ಹಾಯುವಷ್ಟು ದೂರ ಎಲ್ಲವೂ ಬೂದು.

"ಬೂದು ಕಲ್ಲೇ, ಎಲ್ಲಿದ್ದೀಯಾ?"

"ಇಲ್ಲಿ!" ಅಂದವು ಸಾವಿರ ಕಲ್ಲು ಒಟ್ಟಿಗೆ. ಒಣ ಕಲ್ಲು ಸುಳ್ಳು ಹೇಳದೆ ಇರುತ್ತಾ?

ಹಕ್ಕಿ ಬಾಲ ಅದ್ದಿತು, ಬಡಿಯಿತು, ಎಳೆಯಿತು. ಅಲ್ಲ. ಮುಂದಕ್ಕೆ ಓಡಿತು. ಅಲ್ಲ. ಹಿಂದಕ್ಕೆ ಓಡಿತು. ಇದಾಗಲೇ ನೋಡಿದ್ದಾ? ಅಯ್ಯೋ, ಅದಾಗಲೇ ಒಣಗಿಬಿಟ್ಟಿದೆ!

ಆಗ ಊರ ಕಡೆಯಿಂದ ಒಂದು ಕೂಗು ಬಂತು. ಲೋಕ ಅಲ್ಲಿವರೆಗೆ ಕೇಳದೇ ಇದ್ದ ಕೂಗು. ಕೂಸು ಹುಟ್ಟಿತ್ತು. ಚೌಡವ್ವ ಇನ್ನೆಷ್ಟು ಹೊತ್ತು ಕಾದಾಳು? ಆ ಸಿಬಿರು ಚಾಕುವಲ್ಲೇ ಎಳೆದಿದ್ದಳು. ಬಳ್ಳಿ ಕೊಯ್ದುಕೊಳ್ಳಲಿಲ್ಲ, ಹರಿಯಿತು. ಅವಳು ಅಳ್ತಾ ಅಳ್ತಾ ಉಳಿದ ತುದಿಯನ್ನ ಬಿಗಿದು ಗಂಟು ಹಾಕಿದಳು.

ಕೂಸು ಬದುಕಿತು, ಬಿಡಿ, ಮುಖ ಸಣ್ಣ ಮಾಡ್ಕೋಬೇಡಿ. ಗಾಯವೂ ಮಾಗಿತು. ಆದರೆ ಗಂಟು ಬಿದ್ದ ಜಾಗದಲ್ಲಿ ಒಂದು ಗುಳಿ ಉಳೀತು. ಅದೇ ಹೊಕ್ಕುಳು. ಅಂಗಿ ಎತ್ತಿ ನೋಡ್ಕೊಳ್ಳಿ, ನಿಮಗೂ ಇದೆ. ನಾಚಿಕೆ ಏನು ಬಂತು, ನನಗೂ ಇದೆ.

ಕೆಲವು ದಿನ ಕಳೆದು ಈರಿ ಕೂಸನ್ನ ಎತ್ತಿಕೊಂಡು ಹೊಳೆಗೆ ಬಂದಳು. ಹಕ್ಕಿ ಕಲ್ಲಿನಿಂದ ಕಲ್ಲಿಗೆ ಓಡ್ತಾನೇ ಇತ್ತು. ಕಾಲು ಸಣ್ಣ ಕಡ್ಡಿಯಾಗಿತ್ತು.

"ಬಾರೇ," ಅಂದಳು ಈರಿ. "ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನೋಡಿಲ್ಲಿ, ಹೇಗೆ ನಗ್ತಾನೆ. ಇನ್ನು ಕಲ್ಲು ಬೇಡ, ಸಾಕು ಬಾ."

ಹಕ್ಕಿ ತಲೆ ಎತ್ತಲಿಲ್ಲ. "ಇಲ್ಲೇ ಇತ್ತು ಈರಿ. ನನ್ನ ಕೊಕ್ಕಿಗೆ ಸಿಕ್ಕಿತ್ತು. ನೀನು ಸ್ವಲ್ಪ ತಡ್ಕೋ, ಕೂಸಿಗೆ ನೋವಾಗಬಾರದು."

ಈರಿ ಬಹಳ ಹೊತ್ತು ಕರೆದಳು. ಆಮೇಲೆ ಕೂಸಿಗೆ ಹಸಿವಾಯಿತು, ಮನೆಗೆ ಹೋದಳು.

ಆ ಕೂಸಿನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಹುಟ್ಟಿ ಆಯಿತು, ನೀವೂ ಹುಟ್ಟಿ ಆಯಿತು. ಆದರೂ ಇವತ್ತು ನೀವು ಹೊಳೆದಂಡೆಗೆ ಹೋದರೆ, ಕುಂಡೆಕುಸ್ಕ ಬಾಲ ಬಡೀತಾ ಬಡೀತಾ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡ್ತಾನೇ ಇರುತ್ತೆ, ಯಾಕೆಂದರೆ ಈರಿ ಇನ್ನೂ ಹೆತ್ತಿಲ್ಲ ಅಂತಲೇ ಅದು ನಂಬಿಕೊಂಡಿದೆ.