ಪಟ್ಟದಾನೆಯ ಮುದ್ದೆಗೆ ಅರ್ಧ ಕೂಲಿ

"ಹೆಂಗಸರು ಕಟ್ಟಿದ ಮುದ್ದೆಯೂ ಗಂಡಸರು ಕಟ್ಟಿದ ಮುದ್ದೆಯೂ ಒಂದೇ ಅಂತ ಆನೆ ಬಾಯಿಬಿಟ್ಟು ಹೇಳಲಿ. ಅವತ್ತೇ ನಿಂಗೆ ಪೂರ್ತಿ ಕೂಲಿ ಕೊಡ್ತೀನಿ," ಎಂದ ಆನೆಲಾಯದ ಪಾರುಪತ್ಯಗಾರ ಭೈರಣ್ಣ.

ತೊರೆಗಡ್ಡೆಯ ದೊರೆಗೆ ಹನ್ನೆರಡು ಆನೆ. ಅವಕ್ಕೆ ದಿನಾ ಕೊಪ್ಪರಿಗೆಗಟ್ಟಲೆ ರಾಗಿಹಿಟ್ಟು ಬೇಯಿಸಿ, ತೆಂಗಿನಕಾಯಿ ಗಾತ್ರದ ಮುದ್ದೆ ಕಟ್ಟಲು ಆರು ಹೆಂಗಸರು, ಆರು ಗಂಡಸರು. ಅದೇ ಒಲೆ, ಅದೇ ಹೊಗೆ, ಅಷ್ಟೇ ಮುದ್ದೆ. ಸಂಜೆ ಕೂಲಿ ಅಳೆಯುವಾಗ ಮಾತ್ರ ಗಂಡಸಿಗೆ ಎರಡು ಸೇರು ರಾಗಿ, ಹೆಂಗಸಿಗೆ ಒಂದು.

"ಆನೆಗೆ ಮಾತು ಬಂದಿದ್ರೆ ಮೊದಲು ನಿಮ್ಮ ವಿಷಯಾನೇ ಹೇಳ್ತಿತ್ತು ಭೈರಣ್ಣಾರೇ," ಎಂದಳು ಕೆಂಪಾಜಿ, ಮೊಣಕೈವರೆಗೆ ಮೆತ್ತಿದ ಹಿಟ್ಟು ಕೆರೆದುಕೊಳ್ಳುತ್ತ.

ಜೊತೆಯವರು ಕಿಸಕ್ಕೆಂದರು. ಭೈರಣ್ಣ ನಗಲಿಲ್ಲ. "ನಾಳೆಯಿಂದ ನೀನು ಈ ಕಡೆ ತಲೆ ಹಾಕಬೇಡ."

ಕೆಂಪಾಜಿಯ ಮನೆಯಲ್ಲಿ ಕಾಲು ಮುರಿದುಕೊಂಡ ಗಂಡ, ಲಾಯದ ಮೂಲೆಯಲ್ಲಿ ಮಲಗಿಸಿದ ಎಂಟು ತಿಂಗಳ ಕೂಸು. ಆ ಒಂದು ಸೇರೂ ಹೋದರೆ ಒಲೆ ಹಚ್ಚುವ ಹಾಗಿಲ್ಲ. ಆದರೆ ಆಡಿದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ಅವಳಿಗೆ ತವರಿನಲ್ಲೂ ಇರಲಿಲ್ಲ. ಕೂಸನ್ನು ಎತ್ತಿಕೊಂಡು ನೆಟ್ಟಗೆ ಕೂಲಿ ಚಾವಡಿಗೆ ನಡೆದಳು.

ದೊರೆ ಆ ವರ್ಷವೇ ತೆರೆದಿದ್ದ ಚಾವಡಿ ಅದು. ಒಂದೇ ಕೆಲಸಕ್ಕೆ ಎರಡು ಥರ ಕೂಲಿ ಕೊಟ್ಟರೆ, ಹೆಂಗಸೆಂದೋ ಕುಂಟನೆಂದೋ ಕೆಲಸ ತಪ್ಪಿಸಿದರೆ, ಅಲ್ಲಿ ದೂರು ಹೇಳಬಹುದು. ಕೂಲಿ ಕೊಟ್ಟವನು ಬಂದು ಕಾರಣ ಬರೆಸಿ ಮುದ್ರೆ ಒತ್ತಬೇಕು. ಇಷ್ಟೇ ಕಟ್ಟಳೆ. ಅದನ್ನು ನೋಡಿಕೊಳ್ಳುತ್ತಿದ್ದವನು ಸೂರಪ್ಪಯ್ಯ. ಆಸ್ಥಾನದಲ್ಲೆಲ್ಲ ಅತಿ ಮೆತ್ತಗೆ ಮಾತಾಡುವವನು.

ಮಾರನೆಯ ಬೆಳಗ್ಗೆ ಭೈರಣ್ಣ ಮೀಸೆ ತಿರುವುತ್ತ ಬಂದ. ಸೂರಪ್ಪಯ್ಯ ಎದ್ದು ನಿಂತು ಮಣೆ ಹಾಕಿಸಿದ, ಮಜ್ಜಿಗೆ ತರಿಸಿದ. ಕೆಂಪಾಜಿಗೆ ಮೈ ಉರಿಯಿತು. ತನ್ನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಕೆಲಸ ಕಿತ್ತುಕೊಂಡವನಿಗೆ ಮಜ್ಜಿಗೆಯೇ?

"ಭೈರಣ್ಣನವರೇ, ನಿಮಗೆ ಗೊತ್ತಿಲ್ಲದ ಆನೆಯ ವಿಷಯ ಉಂಟೆ? ಹೆಂಗಸರ ಮುದ್ದೆಗೆ ಏನು ಕಡಿಮೆ, ಸ್ವಲ್ಪ ತಿಳಿಸಿ," ಎಂದ ಸೂರಪ್ಪಯ್ಯ.

"ಕಸುವು ಕಡಿಮೆ ಸ್ವಾಮಿ. ಗಂಡಸು ಅದುಮಿ ಕಟ್ಟಿದ ಮುದ್ದೇಲಿರೋ ಕಸುವು ಇವರ ಮುದ್ದೇಲಿ ಎಲ್ಲಿಂದ ಬರಬೇಕು?"

"ಮುಕ್ಕಾಲು ಭಾಗ ಇರಬಹುದೆ?"

"ಮುಕ್ಕಾಲಾ? ಅರ್ಧ ಇದ್ದರೆ ಹೆಚ್ಚು."

"ಛೆ ಛೆ. ಅರ್ಧವೇ? ನೋಡಿ ಹೇಳಿ."

"ಏಳು ವರ್ಷದಿಂದ ನೋಡ್ತಿದೀನಿ, ಅರ್ಧವೇ. ಬರಕೊಳ್ಳಿ."

ಸೂರಪ್ಪಯ್ಯ ಒಂದಕ್ಷರ ಬಿಡದೆ ಬರೆದ. ಭೈರಣ್ಣ ಮುದ್ರೆ ಒತ್ತಿ, ಕೆಂಪಾಜಿಯ ಕಡೆ ನೋಡಿ ಹುಬ್ಬು ಹಾರಿಸಿದ.

"ಇನ್ನೊಂದು ಸಣ್ಣ ಮಾತು," ಎಂದ ಸೂರಪ್ಪಯ್ಯ. "ಹೆಂಗಸರ ಮುದ್ದೆ ಯಾವ ಆನೆಗೆ ಹೋಗುತ್ತೆ?"

"ಬೆಳಗ್ಗೆ ಮೊದಲು ಇಳಿಯೋದು ಹೆಂಗಸರ ಕೊಪ್ಪರಿಗೆ. ಮೊದಲು ತಿನ್ನೋದು ಪಟ್ಟದಾನೆ. ಲಾಯದ ಪದ್ಧತಿ ಅದು."

"ಸಂತೋಷ. ಬನ್ನಿ, ಅರಮನೆ ಅಂಗಳಕ್ಕೆ ಹೋಗಿ ಬರೋಣ. ನೀನೂ ಬಾಮ್ಮ."

ಅಂಗಳದಲ್ಲಿ ದೊರೆ ಚಿತ್ರಶೇಖರ ಸವಾರಿಗೆ ಸಿದ್ಧನಾಗಿದ್ದ. ನೆರೆರಾಜ್ಯದ ದೊರೆಯನ್ನು ಎದುರುಗೊಳ್ಳಲು ಗಡಿಗೆ ಹೋಗಬೇಕು. ಪಟ್ಟದಾನೆ ಬೆಟ್ಟದ ಹಾಗೆ ಮಂಡಿಯೂರಿ ಕೂತಿತ್ತು. ದೊರೆ ಏಣಿಯ ಮೇಲೆ ಕಾಲಿಟ್ಟಿದ್ದ.

"ಮಹಾಸ್ವಾಮಿ, ಹತ್ತಬೇಡಿ," ಎಂದ ಸೂರಪ್ಪಯ್ಯ.

"ಯಾಕಯ್ಯ?"

"ಇದು ಅರ್ಧ ಆನೆ."

ದೊರೆ ಆನೆಯನ್ನು ಸೊಂಡಿಲಿನಿಂದ ಬಾಲದವರೆಗೆ ನೋಡಿದ. "ನನ್ನ ಕಣ್ಣಿಗೆ ಪೂರ್ತಿ ಇರೋ ಹಾಗೆ ಕಾಣುತ್ತಲ್ಲ."

"ನನ್ನ ಕಣ್ಣಿಗೂ ಹಾಗೇ ಕಂಡಿತ್ತು. ಆದರೆ ತಿಳಿದವರು ಬರೆದುಕೊಟ್ಟಿದ್ದಾರೆ." ಸೂರಪ್ಪಯ್ಯ ಓಲೆ ಬಿಚ್ಚಿ ಓದಿ, ಲಾಯದ ಪದ್ಧತಿಯನ್ನೂ ಸೇರಿಸಿ ಹೇಳಿದ. "ಏಳು ವರ್ಷದಿಂದ ಪಟ್ಟದಾನೆಗೆ ಅರ್ಧ ಕಸುವಿನ ಮುದ್ದೆಯನ್ನೇ ತಿನ್ನಿಸಿದ್ದಾರಂತೆ. ಪೂರ್ತಿ ಕಸುವಿನದೆಲ್ಲ ಮರ ಎಳೆಯೋ ಆನೆಗಳಿಗೆ. ನಡುದಾರಿಯಲ್ಲಿ ಇದು ಕುಸಿದು ಬಿದ್ದರೆ ನೆರೆದೊರೆಯ ಮುಂದೆ ನಮ್ಮ ಮಾನ ಏನಾಗಬೇಕು?"

ದೊರೆಯ ಮುಖ ಕೆಂಪಗಾಯಿತು. "ನನ್ನ ಪಟ್ಟದಾನೆಯನ್ನು ಏಳು ವರ್ಷ ಅರೆಹೊಟ್ಟೆಯಲ್ಲಿ ಕೆಡವಿದ್ದೀಯಾ ಭೈರಣ್ಣ?"

ಭೈರಣ್ಣನ ಮೀಸೆ ಜೋತುಬಿತ್ತು. "ಇಲ್ಲ ಮಹಾಸ್ವಾಮಿ, ಅಯ್ಯೋ ಇಲ್ಲ. ಹೆಂಗಸರ ಮುದ್ದೆಯೂ ಪೂರ್ತಿ ಕಸುವಿನದೇ. ಚೂರೂ ವ್ಯತ್ಯಾಸ ಇಲ್ಲ. ನನ್ನ ಮಕ್ಕಳಾಣೆ."

"ಅದನ್ನೂ ಬರೆದುಕೊಳ್ಳಲೆ?" ಎಂದ ಸೂರಪ್ಪಯ್ಯ, ಮೆತ್ತಗೆ.

"ಬರ್ಕೊಳ್ಳಿ, ಬರ್ಕೊಳ್ಳಿ."

ಅಲ್ಲೇ ಬರೆದದ್ದಾಯಿತು, ಅಲ್ಲೇ ಮುದ್ರೆ ಒತ್ತಿದ್ದೂ ಆಯಿತು. ಕೆಂಪಾಜಿಗೆ ಈಗ ಮಜ್ಜಿಗೆಯ ಮರ್ಮ ತಿಳಿಯಿತು. ನಗು ಉಕ್ಕಿ ಬಂದು ಕೂಸಿನ ಹೆಗಲಿಗೆ ಬಾಯಿ ಒತ್ತಿಕೊಂಡಳು.

"ಹಾಗಾದರೆ ಮಹಾಸ್ವಾಮಿ, ಒಂದೇ ಮುದ್ದೆಗೆ ಎರಡು ಕೂಲಿ ಯಾಕೆ ಅನ್ನೋದಕ್ಕೆ ಇವರ ಹತ್ತಿರ ಕಾರಣವೇ ಉಳಿಯಲಿಲ್ಲ. ಅದನ್ನು ಕೇಳಿದ ಈ ಕೆಂಪಾಜಿಯ ಕೆಲಸವನ್ನೂ ಕಿತ್ತುಕೊಂಡಿದ್ದಾರೆ," ಎಂದ ಸೂರಪ್ಪಯ್ಯ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆರೂ ಹೆಂಗಸರಿಗೆ ಅಂದಿನಿಂದಲೇ ಎರಡು ಸೇರು ಅಂತ ಅಪ್ಪಣೆಯಾಯಿತು. ಹಿಂದಿನ ಏಳು ವರ್ಷದ ಬಾಕಿಯನ್ನು ಭೈರಣ್ಣನ ಕಣಜದಿಂದಲೇ ಅಳೆಯಬೇಕು. ಕೆಂಪಾಜಿಯನ್ನು ಕೆಲಸದಿಂದ ಯಾರೂ ತೆಗೆಯಕೂಡದು.

"ಇವನೂ ಒಂದು ತಿಂಗಳು ನಿಮ್ಮ ಸಾಲಿನಲ್ಲಿ ಕೂತು ಮುದ್ದೆ ಕಟ್ಟಲಿ," ಎಂದ ದೊರೆ. "ಕೆಂಪಾಜಿ, ನೀನೇ ಹೇಳಮ್ಮ, ಇವನಿಗೆ ಕೂಲಿ ಎಷ್ಟು ಕೊಡಿಸಲಿ? ಒಂದು ಸೇರು ಸಾಕಲ್ಲ?"

ಕೆಂಪಾಜಿ ಭೈರಣ್ಣನನ್ನೊಮ್ಮೆ ನೋಡಿದಳು.

"ಬೇಡ ಬುದ್ಧಿ, ಎರಡು ಸೇರೇ ಕೊಡಿಸಿ. ಕಮ್ಮಿ ಕೊಟ್ಟರೆ ಇವರೂ ಚಾವಡಿಗೆ ದೂರು ತರ್ತಾರೆ. ಆಮೇಲೆ ಪಾಪ ಸೂರಪ್ಪಯ್ಯನವರು ಇವರಿಗೆ ಇನ್ನೊಂದು ಸಲ ಮಜ್ಜಿಗೆ ಕುಡಿಸಬೇಕಾಗುತ್ತೆ."