ಚಿಟಿಕೆಗೆ ಚಿಟಿಕೆ

“ಕೇಳ್ರಪ್ಪೋ ಕೇಳಿ! ಹೊಸಕೋಡಿನ ಮಾದರಸ ಮಹಾಸ್ವಾಮಿಗಳ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತೆ. ತಪ್ಪಿದವನ ತಲೆ ಹೋಗುತ್ತೆ!”

ಡಂಗುರ ಊರೂರು ಸುತ್ತಿತು. ನಿಜ ಹೇಳಬೇಕೆಂದರೆ ಒಗಟಿನ ಹುಚ್ಚು ಅರಸನದಲ್ಲ, ಅವನ ಆರು ವರ್ಷದ ಮಗಳು ಹೊನ್ನಾಜಿಯದು. ದಿನವೂ ಅಪ್ಪನ ತೊಡೆಯೇರಿ ಒಗಟು ಕೇಳುವಳು, ಸೋತರೆ ಮೀಸೆ ಎಳೆಯುವಳು. ಆ ಮಗು ಜ್ವರದ ಔಷಧ ತಿಂದ ಸ್ವಲ್ಪ ಹೊತ್ತಿಗೇ ತೀರಿಕೊಂಡಿತು. ಅದೇ ಔಷಧ ತಿಂದ ಕೋಟೆಯ ಇಪ್ಪತ್ತೊಂಬತ್ತು ರೋಗಿಗಳಿಗೆ ಏನೂ ಆಗಲಿಲ್ಲ, ಜ್ವರವೂ ಇಳಿಯಲಿಲ್ಲ. ಹೀಗೇಕಾಯಿತೆಂದು ಯಾರೂ ಹೇಳಲಾರದೆ ಹೋದಾಗ, ಎದೆಯೊಡೆದ ಅರಸ ಮಗಳಂತೆ ಒಗಟಿನಲ್ಲೇ ಕೇಳತೊಡಗಿದ. ನಡುವಿನ ಒಗಟಂತೂ ಹೊನ್ನಾಜಿಯೇ ಕೊನೆಯದಾಗಿ ಕೇಳಿ ಉತ್ತರ ಹೇಳದೆ ಹೋದದ್ದು.

“ಒಂದೇ ತಾಯಿಗೆ ಮೂವತ್ತು ಮಕ್ಕಳು. ಇಪ್ಪತ್ತೊಂಬತ್ತು ಕೈಲಾಗದವು, ಒಂದು ಕೊಲೆಗಡುಕ. ಆ ತಾಯಿ ಯಾರು? ಸಂತೆಯಷ್ಟು ಜನರ ನಡುವೆ ಒಬ್ಬ ಒಂಟಿ ಬಂದ. ಎಷ್ಟು ಸುತ್ತಿದರೂ ಎಲ್ಲರ ಗುರುತಾಗಲಿಲ್ಲ. ಅವನು ಏನು ಮಾಡಬೇಕಿತ್ತು? ಹಗೆಯಿಲ್ಲದೆ, ಅರಿವಿಲ್ಲದೆ ಕೊಂದ ಕೈ ಯಾವುದು?”

ಮೊದಲಿಗೆ, ಆ ಔಷಧ ಕೊಟ್ಟಿದ್ದ ಅರಮನೆ ವೈದ್ಯರು ರೇವಣಾರ್ಯರೇ ನಿಂತರು. “ತಾಯಿ ಭೂಮಿ” ಎಂದರು, ತಪ್ಪಾಯಿತು. ಆಮೇಲೆ ಪರಸ್ಥಳದ ಇಬ್ಬರು ಪಂಡಿತರು ಶಾಲು ಸರಿಮಾಡಿಕೊಂಡು ಬಂದರು. ಒಗಟೆಂದರೆ ಸೂರ್ಯ ಚಂದ್ರರನ್ನು ಬಿಟ್ಟು ಕೆಳಗಿಳಿಯದ ಜನ! ಒಬ್ಬ ತಾಯಿಯನ್ನು ತಿಂಗಳು ಎಂದ, ಇನ್ನೊಬ್ಬ ಕೊಂದ ಕೈ ವಿಧಿಯದು ಎಂದ.

“ವಿಧಿಗೆ ಅರಿವಿಲ್ಲವೇ?” ಎಂದು ಅರಸ ಗುಡುಗಿದ. ಅಮಾವಾಸ್ಯೆಗೆ ಮೂವರ ತಲೆ ಎಂದು ತೀರ್ಮಾನವಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಸಭೆಗೆ ಮಾಚ ಬಂದ. ರೇವಣಾರ್ಯರ ಔಷಧಶಾಲೆಯಲ್ಲಿ ಪುಡಿ ಅರೆದು ಬೆರೆಸುವ ಆಳು. ಇಷ್ಟು ದಿನ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಅರೆಯುವವನನ್ನು ಯಾರು ಕೇಳುತ್ತಾರೆ? ಕೈಯಲ್ಲಿ ಕಲ್ಲಿನ ಬೋಗುಣಿ, ಅಕ್ಕಿಹಿಟ್ಟು, ಒಂದಿಷ್ಟು ಕೆಮ್ಮಣ್ಣು.

“ಬುದ್ಧೀ, ತಾಯಿ ಈ ಬೋಗುಣಿ. ಮಕ್ಕಳು ಇದರಿಂದ ಕಟ್ಟಿದ ಮೂವತ್ತು ಪೊಟ್ಟಣ” ಎಂದ. ಬೋಗುಣಿ ತುಂಬ ಹಿಟ್ಟು ಸುರಿದು, ಮೇಲೆ ಚಿಟಿಕೆ ಕೆಮ್ಮಣ್ಣು ಹಾಕಿ, ಔಷಧಶಾಲೆಯ ಕಟ್ಟಳೆಯಂತೆ ಎಣಿಸಿ ನೂರು ಸುತ್ತು ತಿರುಗಿಸಿದ. ಹಿಟ್ಟನ್ನು ಬಗೆದರೆ ಎಲ್ಲ ಬೆಳ್ಳಗೆ, ಒಂದು ಕಡೆ ಮಾತ್ರ ಕೆಂಪು ಗಂಟು.

“ಈ ಕೆಂಪನ್ನು ವಿಷದ ಬೇರು ಅಂದ್ಕಳಿ. ಜ್ವರಕ್ಕೆ ಅದು ಚೂರೇ ಚೂರು ಬೇಕು. ಅಷ್ಟೂ ಒಂದೇ ಪೊಟ್ಟಣಕ್ಕೆ ಬಿತ್ತು.”

ಮಾಚ ಮತ್ತೆ ಚಿಟಿಕೆ ಕೆಮ್ಮಣ್ಣು ತೆಗೆದುಕೊಂಡ, ಅದಕ್ಕೆ ಚಿಟಿಕೆಯಷ್ಟೇ ಹಿಟ್ಟು ಸೇರಿಸಿ ಅರೆದ. ಆದ ಎರಡು ಚಿಟಿಕೆಗೆ ಮತ್ತೆರಡು, ನಾಲ್ಕಕ್ಕೆ ನಾಲ್ಕು. ಬೋಗುಣಿ ತುಂಬುವ ಹೊತ್ತಿಗೆ ಎಲ್ಲಿ ಮುಟ್ಟಿದರೂ ಒಂದೇ ಬಣ್ಣ.

“ಒಂಟಿ ಬಂದೋನು ಮೊದ್ಲು ಒಬ್ಬನ ಗುರುತು ಮಾಡ್ಕೋಬೇಕು. ಆಮೇಲೆ ಇಬ್ರು ಹೋಗಿ ಇನ್ನಿಬ್ರನ್ನ. ಇದೇ ಎರಡನೇದು, ಬುದ್ಧಿ.”

“ಮೂರನೆಯದು?”

ಮಾಚ ಎರಡೂ ಕೈ ಮುಂದೆ ಚಾಚಿದ. ಅಂಗೈ ಕೆಂಪಾಗಿತ್ತು.

“ಇವೇ. ಹೊನ್ನಾಜಿ ಪುಟ್ಟಮ್ಮಣ್ಣಿ ದಿನಾ ಬಂದು ನನ್ ಹತ್ರ ಅತಿಮಧುರದ ತುಂಡು ಇಸ್ಕೊಂಡು ಹೋಗ್ತಿದ್ರು. ಅವತ್ತು ಮೈ ಸುಡ್ತದೆ ಅಂದ್ರು. ಬೇಗ ಕೊಡೋಣ ಅಂತ ಎಲ್ಲಾ ಒಂದೇ ಸಲ ಸುರಿದ್ಬಿಟ್ಟೆ. ಅವರು ತೀರ್ಕೊಂಡ್ಮೇಲೆ ಹೀಗೇ ಕೆಮ್ಮಣ್ಣಿಟ್ಟು ನೋಡ್ದೆ, ಗೊತ್ತಾಯ್ತು.” ಅವನು ಕುಸಿದು ಕೂತು ಅತ್ತ. “ನಮ್ಮ ವೈದ್ಯರನ್ನ, ಆ ಇಬ್ರು ಪಂಡಿತರನ್ನ ಬಿಟ್ಬುಡಿ. ನಾನು ಬೇಡೋದು ಅಷ್ಟೇ. ತಲೆ ಬೇಕಾದ್ರೆ ನಂದಿದೆ.”

ಅರಸನ ಕೈ ಕತ್ತಿಯ ಮೇಲಿತ್ತು. ಅವನು ಕೈ ತೆಗೆದ.

“ಮೂವರನ್ನೂ ಬಿಟ್ಟೆ. ಉತ್ತರ ಹೇಳಿದವನ ತಲೆ ತೆಗೆಯುವ ಹಾಗಿಲ್ಲ, ಮಾಚ. ಇನ್ನು ಮೇಲೆ ಔಷಧಶಾಲೆ ನಿನ್ನದು. ಬದುಕು. ನಾನೂ ಬದುಕಬೇಕಲ್ಲ” ಎಂದ.

ಅಂದಿನಿಂದ ಹೊಸಕೋಡಿನಲ್ಲಿ ಪುಡಿಗಳು ಚಿಟಿಕೆಗೆ ಚಿಟಿಕೆಯಾಗಿಯೇ ಬೆರೆಯುತ್ತಿದ್ದವು. ಜ್ವರಗಳು ಇಳಿದವು, ಮಕ್ಕಳು ಎದ್ದು ಆಡಿದರು. ಮಾಚ ದಿನವೂ ಬೋಗುಣಿಯ ಪಕ್ಕ ಒಂದು ಅತಿಮಧುರದ ತುಂಡು ಇಡುತ್ತಿದ್ದ. ಅದು ಅಲ್ಲೇ ಇರುತ್ತಿತ್ತು.

ಒಂದು ದಿನ ಅರಸ ಬಂದು ಎದುರು ಕೂತ, ಆ ತುಂಡನ್ನು ಎತ್ತಿ ಬಾಯಿಗಿಟ್ಟುಕೊಂಡ.

“ಸಮ ಬೆರೆಯಿತೇನೋ?”

“ಇನ್ನೊಂದ್ಸಲ ನೋಡ್ತೀನಿ, ಬುದ್ಧಿ.”

“ನೋಡು. ಅವಸರ ಮಾಡಬೇಡ.”