ಮೂಗುತಿ ಇದ್ದ ಗೋಡೆ

"ತಾನು ಯಾರೆಂದು ತಿಳಿದವರಿಗೆ ಭಯವಿಲ್ಲ ಎನ್ನುತ್ತೀರಿ. ಅದು ಎಲ್ಲರಿಗೂ ನಿಜವೇ?"

ಕೇಳಿದವನು ಗುರುಪಾದ. ಯಾತ್ರಿಕರು ಹೊರಟುಹೋದ ಮೇಲೆ ಮಠದ ಕೋಣೆಗಳಿಗೆ ಬೀಗ ಹಾಕಿಕೊಂಡು ಆಗಷ್ಟೇ ಬಂದು ಕುಳಿತಿದ್ದ. ಗುರುಗಳು ಉತ್ತರವಾಗಿ ಈ ಕತೆ ಹೇಳಿದರು.

ಒಬ್ಬ ಚಿತ್ರಗಾರ್ತಿ ಇದ್ದಳು. ಗಂಡನ ಮನೆಯಲ್ಲಿ ಹನ್ನೆರಡು ವರ್ಷ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಅವಳು ಆ ಮನೆ ಬಿಟ್ಟು, ನಾಡು ದಾಟಿ, ಪರಿಚಯವಿಲ್ಲದ ಒಂದು ಊರಿಗೆ ಬಂದಳು. ಯಾರದೋ ಹಿತ್ತಿಲಿನಲ್ಲಿ, ಕೊಟ್ಟಿಗೆಗೆ ಇಳಿಸಿದ ಮಾಡಿನ ಕೆಳಗೆ ಇರಲು ಜಾಗ ಸಿಕ್ಕಿತು. ಒಬ್ಬಳೇ ಇರಬೇಕು ಎಂಬ ಕರಾರಿನ ಮೇಲೆ ಕೊಟ್ಟಿದ್ದರು.

ಆ ಊರಿನ ಹೆಂಗಸರು ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಮದುಮಗಳ ಚಿತ್ರ ಬರೆಯುತ್ತಿದ್ದರು. ಬಳೆ, ಡಾಬು, ಮೂಗುತಿ ಎಲ್ಲ ಬರೆಯುತ್ತಿದ್ದರು, ಮುಖ ಮಾತ್ರ ಬರೆಯುತ್ತಿರಲಿಲ್ಲ. ಮೂಗೇ ಇಲ್ಲದ ಮೂಗುತಿ ಕಂಡು ಚಿತ್ರಗಾರ್ತಿಗೆ ಮೊದಲು ನಗು ಬಂತು. ಯಾಕೆ ಹೀಗೆ ಎಂದು ಕೇಳಿದಳು. ಮುಖವನ್ನು ಮದುವೆಯಾಗಿ ಹೋದ ಮನೆಯವರು ಬರೆದುಕೊಳ್ಳುತ್ತಾರೆ ಎಂದರು. ಆಗ ಅವಳ ನಗು ನಿಂತಿತು.

ಅವಳು ಊರಿನ ಹುಡುಗಿಯರನ್ನು ಬಾವಿಕಟ್ಟೆಗೆ ಕರೆದಳು. ಕೊಡದ ನೀರಿನಲ್ಲಿ ನಿಮ್ಮನ್ನು ನೋಡಿಕೊಳ್ಳಿ, ಕಂಡದ್ದನ್ನು ನಿಮ್ಮ ಮನೆಯ ಗೋಡೆಗೆ ಬರೆಯಿರಿ ಎಂದಳು. ಹನ್ನೊಂದು ಹುಡುಗಿಯರು ಬರೆದರು. ಒಬ್ಬಳ ಹುಬ್ಬಿನ ಮೇಲೆ ಹಸು ಹಾಯ್ದ ಗಾಯದ ಗುರುತಿತ್ತು. ಅವಳು ಅದನ್ನು ಬಿಟ್ಟು ಬರೆದಿದ್ದಳು. ಅದೂ ನಿನ್ನದೇ ಎಂದಳು ಚಿತ್ರಗಾರ್ತಿ. ಹುಡುಗಿ ಗಾಯವನ್ನೂ ಬರೆದಳು. ಹಿರಿಯರು ಹುಡುಗಾಟಿಕೆ ಎಂದು ನಕ್ಕು ಸುಮ್ಮನಾದರು.

ಹಬ್ಬ ಕಳೆಯಿತು. ಗಾಯದ ಗುರುತಿನ ಆ ಹುಡುಗಿಯನ್ನು ಸತ್ತ ಅಕ್ಕನ ಗಂಡನಿಗೇ ಕೊಡುವುದೆಂದು ನಿಶ್ಚಯವಾಯಿತು. ಆ ಮನೆಯಲ್ಲಿ ಅಕ್ಕ ಹೇಗೆ ಸತ್ತಳೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಹುಡುಗಿ ಹಿತ್ತಿಲಿಗೆ ಓಡಿ ಬಂದಳು.

"ನಾ ಯಾರಂತ ನೀವು ತೋರಿಸಿದ್ರಿ ಅಕ್ಕಾ. ಗೊತ್ತಾತು. ಈಗ ಎಲ್ಲಿ ಹೋಗ್ಲಿ?"

ಇಷ್ಟು ದಿನ ಚಿತ್ರಗಾರ್ತಿ ಇದನ್ನು ಯೋಚಿಸಿಯೇ ಇರಲಿಲ್ಲ. ತನ್ನ ಮಾಡಿನ ಕೆಳಗೆ ಇಬ್ಬರಿಗೆ ಜಾಗವಿಲ್ಲ. ಅವಳು ಹುಡುಗಿಯ ಕೈ ಹಿಡಿದುಕೊಂಡು ದೂರದ ಒಬ್ಬ ಹಿರಿಯನ ಬಳಿಗೆ ನಡೆದಳು. ಅವನಲ್ಲಿ ಕೋಣೆಗಳು ಖಾಲಿ ಇದ್ದವು. ಅವನು ಇಬ್ಬರನ್ನೂ ಕೂರಿಸಿ, ಮಜ್ಜಿಗೆ ಕೊಡಿಸಿ, ಬಹಳ ಹೊತ್ತು ಚೆನ್ನಾಗಿ ಮಾತಾಡಿದ. ಮಾತು ಮುಗಿದ ಮೇಲೆ ಇಬ್ಬರೂ ಕೈ ಮುಗಿದು, ಬಂದ ದಾರಿಯಲ್ಲೇ ಹಿಂದಿರುಗಿದರು.

ಮರುದಿನ ಬೆಳಿಗ್ಗೆ, ಗಂಡಿನ ಕಡೆಯವರು ಬರುತ್ತಾರೆಂದು ತಾಯಿ ಮಗಳ ಮುಂದೆ ಸುಣ್ಣದ ಬಕೆಟ್ ಇಟ್ಟಳು. ಹುಡುಗಿ ಗೋಡೆಯ ಮೇಲಿನ ತನ್ನ ಮುಖಕ್ಕೆ ತಾನೇ ಸುಣ್ಣ ಬಳಿದಳು. ಸುಣ್ಣ ಆರಿದ ಮೇಲೆ ಕೆಮ್ಮಣ್ಣು ಮತ್ತೆ ಎದ್ದು ಬಂತು. ಮೊದಲು ಕಂಡದ್ದು ಹುಬ್ಬಿನ ಗಾಯ. ಅವಳು ಚಿತ್ರಗಾರ್ತಿಗೆ ಹೇಳಿ ಕಳಿಸಿದಳು.

"ಎಷ್ಟು ಬಳದ್ರೂ ಕಾಣಸ್ತದ ಅಕ್ಕಾ. ಹೆಂಗ ಮುಚ್ಚೂದಂತ ನಿಮಗ ಗೊತ್ತಿರತದ."

ಚಿತ್ರಗಾರ್ತಿಗೆ ಗೊತ್ತಿತ್ತು. ಸುಣ್ಣಕ್ಕೆ ಗೋಂದು ಬೆರೆಸಬೇಕು, ಒಂದು ಸಲ ಬಳಿದದ್ದು ಪೂರ್ತಿ ಆರಿದ ಮೇಲೆ ಇನ್ನೊಂದು ಸಲ ಬಳಿಯಬೇಕು. ಅವಳು ಸೆರಗು ಸಿಕ್ಕಿಸಿ ಕುಂಚ ತೆಗೆದುಕೊಂಡಳು. ಹುಡುಗಿ ಬಕೆಟ್ ಹಿಡಿದು ನಿಂತಳು. ಮೂರನೆಯ ಸಲಕ್ಕೆ ಗೋಡೆ ಬೆಳ್ಳಗಾಯಿತು. ಸಂಜೆಯ ಹೊತ್ತಿಗೆ ಉಳಿದ ಹತ್ತು ಹುಡುಗಿಯರ ತಾಯಂದಿರೂ ಬಂದು, ನಮ್ಮ ಮನೆಯದನ್ನೂ ಹೀಗೇ ಮುಚ್ಚಿಕೊಡು ಎಂದರು. ಅವಳು ಹತ್ತೂ ಮನೆಗೆ ಹೋಗಿ ಮುಚ್ಚಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಗುರುಪಾದನಿಗೆ ಸಿಟ್ಟು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲನ್ನು ಬಿಗಿಯಾಗಿ ಹಿಡಿದು ಕೇಳಿದ:

"ಆ ಹಿರಿಯನಲ್ಲಿ ಕೋಣೆಗಳು ಖಾಲಿ ಇದ್ದವಲ್ಲ. ಅವನ್ನು ಕೊಡದೆ ಅಷ್ಟು ಹೊತ್ತು ಅವನು ಮಾತಾಡಿದ್ದಾದರೂ ಏನು?"

"ನಾನು ಅವರಿಗೆ ಒಂದು ಕತೆ ಹೇಳಿದೆ" ಎಂದರು ಗುರುಗಳು.